ಡಯೋಡ್ ತಣಿಸಿದ ಮಧ್ಯಾಹ್ನ

ಮೊನ್ನೆ ಅಜ್ಜಂಪುರದ ಪಶು ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಕ್ಯಾನಿನ ಮುಚ್ಚಳ ತೆಗೆದರು. ಹೋರಿಯ ವೀರ್ಯ ಕೆಡದಂತೆ ಕಾಪಾಡುವ, ಮಂಜುಗಡ್ಡೆಗಿಂತ ಎಷ್ಟೋ ತಣ್ಣನೆಯ ದ್ರವ ಸಾರಜನಕ ಅದರಲ್ಲಿತ್ತು. ಬಿಳಿ ಹೊಗೆ ಅಂಚು ದಾಟಿ ನೆಲಕ್ಕಿಳಿಯಿತು. ನಾನು ನಮ್ಮ ಹಸುವಿನ ಹಗ್ಗ ಬಿಟ್ಟು ಹೊರಗೋಡಿದೆ. ಆ ಹೊಗೆಯನ್ನು ಹಿಂದೊಮ್ಮೆ ಕಂಡಿದ್ದೆ...

ಎಷ್ಟೋ ವರ್ಷಗಳ ಹಿಂದಿನ ಮಾತು, ಆಗ ನಾನು ಕಡೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನನಗಿಂತ ಹಿರಿಯರಾದ ಭೌತಶಾಸ್ತ್ರದ ಮೇಡಂ ಪಿಎಚ್.ಡಿ.ಗಾಗಿ ಡಯೋಡ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗವೊಂದರ ಬೆನ್ನು ಹತ್ತಿದ್ದರು. ಅದರೊಳಗೆ ಬೆರಳೆಣಿಕೆಯ ಪರಮಾಣುಗಳಷ್ಟು ದಪ್ಪದ ಎರಡು ಗೋಡೆಗಳು. ಏರಿ ದಾಟುವ ಶಕ್ತಿಯಿಲ್ಲದ ಎಲೆಕ್ಟ್ರಾನು ಅವುಗಳನ್ನು ತೂರಿಕೊಂಡೇ ಆಚೆ ಹೋಗುತ್ತದೆ. ಆದರೆ ವೋಲ್ಟೇಜ್ ಒಂದು ಹದ ಮೀರಿದರೆ ಕರೆಂಟು ಏರುವ ಬದಲು ಕುಸಿಯುತ್ತದೆ. ತಣಿಸಿದರೆ ಕುಸಿತ ಇನ್ನೂ ಆಳವಾಗುತ್ತದೆ ಎಂದು ಮೇಡಂ ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿ ಹೇಳುತ್ತಿತ್ತು. ಪರೀಕ್ಷಿಸಲು ಗೈಡ್ ಕೊಟ್ಟಿದ್ದ ಡಯೋಡ್ ಒಂದೇ ಒಂದು. ತಣಿಸಲು ದ್ರವ ಸಾರಜನಕವನ್ನು ಪಶು ಆಸ್ಪತ್ರೆಯಿಂದ ಇಂಥದೇ ಒಂದು ಕ್ಯಾನಿನಲ್ಲಿ ಕೇಳಿ ತಂದೆವು.

ಡಯೋಡಿಗೆ ತಾಗಿಸಿದ್ದ ಅಳತೆಯ ಸೂಜಿ ಗಾಳಿಗೆ ಅಲುಗುತ್ತದೆಂದು ಆ ಪುಟ್ಟ ಕೋಣೆಯ ಬಾಗಿಲು, ಕಿಟಕಿ ಎರಡನ್ನೂ ಹಾಕಿಕೊಂಡೆವು. ಡಯೋಡಿಗೆ ಸಾರಜನಕ ಸುರಿದು ಮೇಡಂ ವೋಲ್ಟೇಜ್ ಏರಿಸಿದರು. ಪರದೆಯ ಮೇಲೆ ಕರೆಂಟಿನ ಗೆರೆ ಏರಿತು, ಏರಿತು, ಥಟ್ಟನೆ ಬಿತ್ತು.

"ಬಿತ್ತು ಕಣೇ! ನಾ ಹೇಳ್ದಂಗೇ ಬಿತ್ತು!"

ಮೇಡಂ ಸಂಭ್ರಮದಲ್ಲಿ ತಿರುಗಿದಾಗ ಕಾಲು ತಗುಲಿ ಕ್ಯಾನ್ ಉರುಳಿತು. ಬಿಳಿ ಹೊಗೆ ಮೊಣಕಾಲು ಮುಳುಗಿಸಿತು. ವಾಸನೆಯಿಲ್ಲ, ಕೆಮ್ಮಿಲ್ಲ. ಬರೀ ಹೊಗೆಯಲ್ಲವೇ ಎಂದುಕೊಂಡೆ. ನೋಡಿದರೆ ಮೇಡಂ ಗೋಡೆಗೊರಗಿ ಕೂತು ನಗುತ್ತಿದ್ದರು, ತುಟಿ ನೀಲಿಗಟ್ಟಿತ್ತು. ಕೂಗಲು ಹೋದೆ, ಮಾತು ಹೊರಡಲಿಲ್ಲ. ಕೈ ಚಿಲಕದ ಮೇಲಿತ್ತು, ಎಳೆಯಬೇಕೆಂಬುದೇ ಮರೆತುಹೋಗುತ್ತಿತ್ತು. ಆವಿಯಾದ ಸಾರಜನಕ ಕೋಣೆಯ ಆಮ್ಲಜನಕದ ಜಾಗವನ್ನು ತುಂಬಿಬಿಟ್ಟಿದೆ, ಸಾಯುತ್ತಿದ್ದೇವೆ ಎಂದು ಹೊಳೆದದ್ದೇ ಆಗ. ಇಡೀ ಮೈಭಾರ ಹಾಕಿ ಜೋತುಬಿದ್ದೆ. ಬಾಗಿಲು ತೆರೆಯಿತು. ಹೊರಗೆ ಹೋಗಿ ಉಸಿರೆಳೆದುಕೊಂಡು, ಅದನ್ನು ಬಿಗಿಹಿಡಿದು ಮತ್ತೆ ಒಳಗೆ ನುಗ್ಗಿ ಅವರ ರಟ್ಟೆ ಹಿಡಿದು ದರದರನೆ ಎಳೆದೆ. ವೈರುಗಳು ಸಿಕ್ಕಿಕೊಂಡು ಮೇಜಿನ ಮೇಲಿದ್ದುದೆಲ್ಲ ನೆಲಕ್ಕೆ ಬಿತ್ತು.

"ಮೇಡಂ, ಕಣ್ ಬಿಡ್ರೀ! ನೋಡ್ರೀ ಇಲ್ಲಿ!"

ವರಾಂಡದಲ್ಲಿ ಅವರು ಕಣ್ಣು ಬಿಡಲು ಎಷ್ಟು ಹೊತ್ತಾಯಿತೋ... ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಉಸಿರೇ ಕಟ್ಲಿಲ್ವಲ್ಲೇ... ನಂಗೇನೂ ಗೊತ್ತೇ ಆಗ್ಲಿಲ್ಲ," ಎಂದು ಅತ್ತರು. ಡಯೋಡ್ ಒಡೆದುಹೋಗಿತ್ತು. ಅಳತೆಯನ್ನೂ ಕಂಪ್ಯೂಟರಿನಲ್ಲಿ ಉಳಿಸಿಟ್ಟಿರಲಿಲ್ಲ.

ಇನ್ನೊಂದು ಡಯೋಡ್ ಕೊಡಲು ಗೈಡ್ ಒಪ್ಪಿದರೂ ಮೇಡಂ ಬೇಡವೆಂದರು. ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಬರೀ ಲೆಕ್ಕಾಚಾರದ ಮೇಲೆಯೇ ಪ್ರಬಂಧ ಮುಗಿಸಿದರು. ಪದವಿ ಬಂತು.

ಹೋದ ವರ್ಷ ಮೇಡಂ ತರೀಕೆರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆ ಗೆರೆ ಬಿದ್ದದ್ದನ್ನು ಕಂಡವರು ಜಗತ್ತಿನಲ್ಲಿ ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ.