ಅಕ್ಕಲಕೋಟೆಯ ಕಪಾಟಿಗೆ ಭಕ್ತಿಯ ಕಾಟ

ಗುಡಿಯಲ್ಲಿ ನಸುಕಿನ ಕಾಕಡಾರತಿಯ ಗಂಟೆ ನಿಂತು ಇನ್ನೂ ಬಹಳ ಹೊತ್ತಾಗಿಲ್ಲ. ನೀಲಗಂಗಾ ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ ತಾವು ಕೆಲಸಕ್ಕಿರುವ ಹಳೆಯ ವಾಚನಾಲಯದ ಬೀಗ ತೆಗೆಯುತ್ತಾರೆ. ಕಸಬರಿಗೆ ಹಿಡಿಯುವ ಮೊದಲೇ ಸ್ಟೂಲು ಎಳೆದು, ಸೆರಗು ಸಿಗಿಸಿ, ಕನ್ನಡ ಕಪಾಟಿನ ನೆತ್ತಿಗೆ ಕೈ ಹಾಕುತ್ತಾರೆ. ಅಲ್ಲಿ ದೇವರ ಫೋಟೋದ ಹಿಂದೆ ನಾಲ್ಕೈದು ವಚನದ ಪುಸ್ತಕಗಳಿವೆ.

“ನೋಡ್ರಿ, ಮತ್ತ ಏರ್ಯಾವ! ನಿನ್ನೆ ಸಂಜಿಕ ಇಳಿಸೀನಿ. ಇವಕ್ಕೇನ್ ಕಾಲ್ ಬಂದಾವೇನ್ರಿ?” ಎಂದು ವರದಿಗೆ ಬಂದ ನಮ್ಮನ್ನೇ ಕೇಳುತ್ತಾರೆ.

ಏರಿಸಿದವರು ಓದುಗರೇ. ಇಲ್ಲಿ ಪ್ರತಿ ಪುಸ್ತಕದ ಬೆನ್ನಿಗೂ ಒಂದು ಸಂಖ್ಯೆಯ ಚೀಟಿಯಿದೆ. ಧರ್ಮಕ್ಕೆ ಇನ್ನೂರರ ಸಾಲು, ವಿಜ್ಞಾನಕ್ಕೆ ಐನೂರರದು. ವಚನಗಳೂ ಸೇರಿದ ಕನ್ನಡ ಸಾಹಿತ್ಯದ್ದು 894.814. ಸಂಖ್ಯೆ ಹಿಡಿದು ಮೇಲಿನಿಂದ ಇಳಿಯುತ್ತ ಬಂದರೆ ವಚನಗಳ ಪಾಲಿಗೆ ಉಳಿಯುವುದು ನೆಲಕ್ಕೆ ಹತ್ತಿದ ಹಲಗೆ. ಶರಣರ ಮಾತು ಕಾಲಬುಡದಲ್ಲಿರುವುದೇ ಎಂದು ಓದುಗರ ಜೀವ ಚುರ್ರೆನ್ನುತ್ತದೆ. ಓದಿ, ಕಣ್ಣಿಗೊತ್ತಿಕೊಂಡು, ಕೈ ನಿಲುಕುವಷ್ಟು ಎತ್ತರದಲ್ಲಿಟ್ಟು ಹೋಗುತ್ತಾರೆ. ಮರುದಿನ ಕೇಳಿದವರಿಗೆ ಅದು ಸಿಗುವುದಿಲ್ಲ.

ಇಲ್ಲಿಗೆ ಬರುವ ಮೊದಲು ನೀಲಗಂಗಾ ಸೊಲ್ಲಾಪುರದ ವಿಜಾಪುರ ರಸ್ತೆಯ ಚಾದರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅಂಗಡಿ ಮುಚ್ಚಿತು, ಕೆಲಸ ಹೋಯಿತು. ಆ ಕಾಲವನ್ನು ಈಗ ಆಸೆಯಿಂದ ನೆನೆಯುತ್ತಾರೆ. “ಸೈಜಿನ ಪ್ರಕಾರ ಹಚ್ಚಿಡ್ತಿದ್ದೆ, ಕೇಳಿದ್ದು ಕಣ್ಣ ಮುಚ್ಚಿ ತಗೀತಿದ್ದೆ. ಅಲ್ಲಿ ಯಾರೂ ಚಾದರಕ್ಕ ಕೈ ಮುಗದು ಅಟ್ಟದ ಮ್ಯಾಲ ಇಡ್ತಿರಲಿಲ್ರಿ!”

ಈಗ ಕಪಾಟಿಗೇ ಸಂಚಕಾರ ಬಂದಿದೆ. ವಾಚನಾಲಯದ ಕಾರ್ಯದರ್ಶಿ ಯೋಗಿರಾಜ ಅವರು ಕನ್ನಡ ಮಾತಾಡಬಲ್ಲರು, ಓದಲಾರರು. ಕನ್ನಡ ಕಪಾಟಿನ ಮುಂದೆ ಅವರಿಗೆ ದಾರಿ ತೋರುವುದು ಆ ಅಂಕಿಗಳಷ್ಟೇ. ಕಳೆದ ವಾರ ಯಾರೋ ಕೇಳಿದ ಪುಸ್ತಕ ಹುಡುಕಲು ತಾವೇ ಹೋದರು. ಸಂಖ್ಯೆ ಸಿಕ್ಕಿತು, ಆ ಜಾಗ ಖಾಲಿ.

“ಪುಸ್ತಕನ ಇಲ್ಲಂದ್ರ ಕಪಾಟ ಯಾಕ ಬೇಕ್ರಿ ನೀಲಗಂಗಾಬಾಯಿ? ಪರೀಕ್ಷಾ ಹುಡುಗರಿಗೆ ಟೇಬಲ್ ಆದ್ರೂ ಹಾಕೂಣು” ಎಂದರು. ಸೋಮವಾರ ಮತ್ತೆ ಬಂದು ನೋಡುತ್ತಾರೆ. ಆಗಲೂ ಸಿಗದಿದ್ದರೆ ಕಪಾಟು ಗೋದಾಮಿಗೆ ಹೋಗುತ್ತದೆ.

ಬಿಸಿಲೇರುವ ಹೊತ್ತಿಗೆ ಕಿರಾಣಿ ವ್ಯಾಪಾರಿ ಚನ್ನವೀರಪ್ಪ ಬರುತ್ತಾರೆ. ಫೋಟೋದ ಹಿಂದೆ ಕೈಯಾಡಿಸಿ ಗೊಣಗುತ್ತಾರೆ.

“ಇಲ್ಲೇ ಇಟ್ಟಿದ್ನಲ್ಲವ್ವಾ, ಯಾರ್ ಒಯ್ದಾರ?”

“ನಾನ ಇಳಿಸೀನ್ರಿ ಸಾವಕಾರ್ರ. ಕೆಳಗ ಐತಿ, ಅದರ ನಂಬರಿನಾಗ.”

“ಕಾಲಾಗ ಇಡ್ತೀಯೇನವಾ? ಪಾಪ ಹತ್ತತೈತಿ.”

“ನಿಮ್ಮ ಅಂಗಡ್ಯಾಗ ಬೆಲ್ಲದ ಡಬ್ಬಿ ಒಯ್ದು ಹಿಟ್ಟಿನ ಚೀಲದ ಹಿಂದ ಇಟ್ರ ಸುಮ್ಮನಿರ್ತೀರೇನ್ರಿ? ಸೋಮವಾರ ಸಾಹೇಬ್ರಿಗೆ ಸಿಗಲಿಲ್ಲಂದ್ರ ಕಪಾಟನ ಹೋಗತೈತಿ. ಆಮ್ಯಾಲ ಗೋದಾಮಿನಾಗ ಇಲಿಗೋಳ ಜೋಡಿ ಓದ್ಕೋತ ಕೂಡ್ರಿ!”

ಚನ್ನವೀರಪ್ಪ ನಕ್ಕು, ಮೊಣಕಾಲೂರಿ ಬಗ್ಗಿ ಪುಸ್ತಕ ತೆಗೆದುಕೊಳ್ಳುತ್ತಾರೆ. ಶರಣರ ಮಾತಿಗೆ ಇಷ್ಟು ಬಾಗುವುದೂ ಒಂದು ನಮಸ್ಕಾರವೇ. ಆದರೆ ಓದು ಮುಗಿಸಿ ಎದ್ದಾಗ, ಪುಸ್ತಕ ಹಿಡಿದ ಕೈ ತನ್ನಷ್ಟಕ್ಕೇ ಮೇಲೇಳುತ್ತದೆ.

“ಸಾವಕಾರ್ರ!”

ಕೈ ಅಲ್ಲೇ ನಿಲ್ಲುತ್ತದೆ. ನೀಲಗಂಗಾ ಹಣೆ ಚಚ್ಚಿಕೊಳ್ಳುತ್ತಾರೆ. ಆಮೇಲೆ ನಮ್ಮತ್ತ ತಿರುಗಿ, “ನಿಮ್ಮ ಪೇಪರಿನಾಗ ಇದೊಂದ ದೊಡ್ಡ ಅಕ್ಷರದಾಗ ಹಾಕ್ರಿ” ಎನ್ನುತ್ತಾರೆ. “ಓದ್ರಿ, ಕಣ್ಣಿಗೊತ್ಕೋರಿ, ಮೇಜಿನ ಮ್ಯಾಲ ಬಿಟ್ಟು ಹೋಗ್ರಿ. ಅದರ ಮನಿಗೆ ನಾ ಮುಟ್ಟಸ್ತೀನಿ.”