ದೊಡ್ಡಪ್ಪನ ಮುದ್ದೆ ಲೆಕ್ಕ

ಹೆಮ್ಮಿಗೆಯ ನಮ್ಮ ಮನೆಗೆ ನುಗ್ಗಿ ಒಡವೆಗಾಗಿ ಅಕ್ಕನನ್ನೂ ಅವಳ ಕೂಸನ್ನೂ ಕೊಂದವನಿಗೆ ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದ ದಿನ, ದೊಡ್ಡಪ್ಪ ಹಾಲಿನ ಡೇರಿ ಮುಂದೆ ಪೇಡ ಹಂಚಿದರು. ಮನೆಗೆ ಬಂದು ಅಮ್ಮನಿಗೊಂದು ಕಟ್ಟಪ್ಪಣೆಯನ್ನೂ ಮಾಡಿದರು.

"ಅವ್ನು ನೇಣಿಗೆ ಓಗೋಗಂಟ ನಿನ್ ಮಗಳಿಗೆ ಎಡೆ ಇಕ್ಕಬ್ಯಾಡ ಕಣವ್ವ. ಸೇಡು ತೀರ್ದೆ ಆತ್ಮ ಉಣ್ಣಾಕಿಲ್ಲ."

ಇಂಥ ಶಾಸ್ತ್ರ ಯಾವ ಊರಲ್ಲೂ ಇಲ್ಲ. ಆದರೆ ದೊಡ್ಡಪ್ಪನ ಬಾಯಿಂದ ಬಂದದ್ದೇ ನಮ್ಮ ಮನೆಯಲ್ಲಿ ಶಾಸ್ತ್ರ.

ನಾನು ಆಗ ನಂಜನಗೂಡಿನ ಕೋರ್ಟಿನಲ್ಲಿ ಗುಮಾಸ್ತ. "ಗಲ್ಲು ಅಂದ ತಕ್ಷಣ ನೇಣಿಗೆ ಆಕಲ್ಲ ದೊಡ್ಡಪ್ಪ, ಹೈಕೋರ್ಟ್ ಒಪ್ಬೇಕು. ಜೀವಾವಧಿ ಆಗಿದ್ರೆ ಸರ್ಕಾರಕ್ಕೆ ಇಷ್ಟು ಖರ್ಚೂ ಇರ್ತಿರ್ಲಿಲ್ಲ" ಎಂದೆ.

"ಯಾಕ್ಲಾ, ಸಾಯೋಗಂಟ ಅವುನ್ಗೆ ನಮ್ ದುಡ್ಡಲ್ಲಿ ಮುದ್ದೆ ಆಕಬೇಕಾ? ಒಂದ್ ನೇಣಿನ್ ಅಗ್ಗ ಏಟಾದದು?"

ದೊಡ್ಡಪ್ಪನ ಅರ್ಥಶಾಸ್ತ್ರ ಅಷ್ಟೇ. ಡೇರಿ ಮುಂದಿನ ಪಂಡಿತರದ್ದೂ ಅದೇ. ಇತ್ತ ಅಕ್ಕನ ಕೇಸಿನ ಕನ್ನಡ ಹೇಳಿಕೆಗಳೆಲ್ಲ ಇಂಗ್ಲಿಷಿನಲ್ಲಿ ಟೈಪಾಗಿ ಕಟ್ಟುಕಟ್ಟಾಗಿ ಬೆಂಗಳೂರಿಗೆ ಹೋದವು. ನಮ್ಮ ಪರ ವಾದಿಸುವ ವಕೀಲರಿಗೆ ಸರ್ಕಾರದ ದುಡ್ಡು. ಕೊಂದವನಿಗೆ ಗತಿಯಿಲ್ಲದ್ದರಿಂದ ಅವನ ವಕೀಲರಿಗೂ ಸರ್ಕಾರದ್ದೇ. ಅವನಿಗೆ ಬೇರೆ ಸೆಲ್ಲು, ಬೇರೆ ಕಾವಲು. ಹೈಕೋರ್ಟು ಒಪ್ಪಿದ ಮೇಲೆ ಕಡತ ದೆಹಲಿಯ ಸುಪ್ರೀಂ ಕೋರ್ಟಿಗೆ ಹೋಯಿತು, ಆಮೇಲೆ ರಾಷ್ಟ್ರಪತಿಗೆ ಹೋದ ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಅಲ್ಲೇ ಕೂತಿತು. ಮೂಗಿಗಿಂತ ಮೂಗುತಿ ಭಾರ. ಅಷ್ಟೂ ವರ್ಷ ಮುದ್ದೆಯಂತೂ ತಟ್ಟೆಗೆ ಬೀಳುತ್ತಲೇ ಇತ್ತು.

ಪ್ರತಿ ಪಿತೃಪಕ್ಷದಲ್ಲಿ ಅಮ್ಮ ಅಜ್ಜ, ಅಜ್ಜಿ, ಅಪ್ಪನಿಗೆ ಎಲೆ ಹಾಕಿ ಬಡಿಸಿ, ಅಕ್ಕನ ಹೆಸರು ಬಂದಾಗ ಕೈ ತಡೆದುಬಿಡುತ್ತಿದ್ದಳು. ಕೊಂದವನು ಹೊತ್ತು ಹೊತ್ತಿಗೆ ಉಣ್ಣುತ್ತಿದ್ದ, ಸತ್ತವಳಿಗೆ ತುತ್ತಿಲ್ಲ. ದೊಡ್ಡಪ್ಪನನ್ನು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ ನಾನು ಒಂದು ಸಲವೂ ಎದುರು ನಿಂತು ಎಲೆ ಹಾಕಿಸಲಿಲ್ಲ. ನನ್ನ ಬಗ್ಗೆಯೂ ನನಗೆ ಹೇಸಿಗೆಯಿದೆ.

ಕೊನೆಗೆ, ಇಷ್ಟು ತಡವಾದದ್ದೇ ಕಾರಣವೆಂದು, ದೆಹಲಿಯ ಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತು. ದೊಡ್ಡಪ್ಪ ಜಗಲಿಯಲ್ಲಿ ಕೂತು, "ಇನ್ನೂ ಮ್ಯಾಲಿನ್ ಕೋರ್ಟಿಗೆ ಓಗವ ಕಣ್ಲಾ" ಎಂದರು. ಅದರ ಮೇಲೆ ಕೋರ್ಟಿಲ್ಲ ಎಂದು ಹೇಳುವಷ್ಟು ತಾಳ್ಮೆಯೂ ನನ್ನಲ್ಲಿ ಉಳಿದಿರಲಿಲ್ಲ.

ಪಿತೃಪಕ್ಷ ಇನ್ನೂ ದೂರವಿತ್ತು. ಅಮ್ಮ ಹೊಳೆಮೀನು ತರಿಸಿ ಅಕ್ಕನಿಗಿಷ್ಟದ ಸಾರು ಮಾಡಿದಳು. ಎರಡು ಎಲೆ ಹಾಕಿದಳು; ಚಿಕ್ಕದಕ್ಕೆ ಬರೀ ಹಾಲನ್ನ. ದೊಡ್ಡಪ್ಪ ತಡೆಯಲು ಎದ್ದು ಬಂದರೆ, ತಲೆಯೆತ್ತದೆ ಬಡಿಸುತ್ತಲೇ ಹೇಳಿದಳು:

"ಸುಮ್ಕಿರಿ ಭಾವ. ಇಷ್ಟು ವರ್ಸ ಅವ್ನು ಯಾವಾಗ ಸಾಯ್ತನೆ ಅಂತ ಅವುನ್ನೇ ನೆನೀತಾ ಕುಂತಿದ್ದೆ. ನನ್ ಮಗಳ ಮೊಕ ಮರ್ತೋಯ್ತು."