ಮುಚ್ಚಳ ತೆರೆಯುವಷ್ಟು ಜಾಗ

ಹಡಗು ಕಟ್ಟುವ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತಾರು ವರ್ಷ ಗೆರೆ ಎಳೆದವನಿಗೆ ಗೆರೆಯಪ್ಪ ಅಂತ ಹೆಸರು ಬೀಳದೆ ಇನ್ನೇನು ಬಿದ್ದೀತು? ಎಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿ ಕೊಟ್ಟದ್ದನ್ನು ತೆಳ್ಳನೆಯ ಹಾಳೆಯ ಮೇಲೆ ಶಾಯಿಯಲ್ಲಿ ನಕಲು ತೆಗೆಯುವುದು ಅವನ ಕೆಲಸ. ಗೆರೆ ಒಂದು ಕೂದಲೆಳೆಯಷ್ಟು ಆಚೀಚೆ ಆದರೂ ಹಾಳೆ ಹರಿದು ಮತ್ತೆ ಮೊದಲಿನಿಂದ ಶುರು ಮಾಡುವ ಆಸಾಮಿ. ಮನೆಯಲ್ಲೂ ಅದೇ ಕಾಟ. ಗೋಡೆಯ ಕ್ಯಾಲೆಂಡರ್ ಸೊಟ್ಟಗಿದ್ದರೆ ಊಟ ಇಳಿಯುತ್ತಿರಲಿಲ್ಲ. ಬಸ್ಸಿಗೆ ನಾಲ್ಕು ಜನ ಸಾಲು ನಿಂತರೆ, ಮೂರನೆಯವರು ಸ್ವಲ್ಪ ಹಿಂದೆ ಸರಿಯಿರಿ ಅಂತ ಹೇಳಿ ಬೈಸಿಕೊಂಡು ಬರುತ್ತಿದ್ದ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಬೀದಿಯವರಿಗೆಲ್ಲ ಟೈಲರಕ್ಕ. ಮಾತಿನಲ್ಲಿ ಗಂಡನಿಗಿಂತ ಒಂದು ಕೈ ಮೇಲೆ. "ನಿಮ್ಮ ಗೆರೆ ಕಾಗದದ ಮೇಲೆ ಸುಮ್ಮನೆ ಮಲಗಿರ್ತದೆ ರೀ. ನನ್ನ ಗೆರೆ ಉಸಿರಾಡೋ ಮನುಷ್ಯನ ಮೈಮೇಲೆ ಕೂತ್ಕೋಬೇಕು, ಅವನು ಕೈ ಎತ್ತಿದ್ರೆ ಎತ್ತಬೇಕು, ಬಗ್ಗಿದ್ರೆ ಬಗ್ಗಬೇಕು" ಅಂತ ಅಣಕಿಸುತ್ತಿದ್ದಳು. ಆ ಮಾತು ಮುಂದೊಂದು ದಿನ ಎದೆಗೆ ನಾಟುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಇವರಿಗೆ ಒಬ್ಬನೇ ಮಗ. ನೌಕಾಪಡೆ ಸೇರಿದ. ಅವನಿಗೆ ಸಿಕ್ಕಿದ್ದು ಎಂಥ ಹಡಗು ಅಂತೀರಿ? ಅವನು ಹುಟ್ಟುವುದಕ್ಕೂ ಮುಂಚೆ ಅಪ್ಪನೇ ಗೆರೆ ಎಳೆದಿದ್ದ ಯುದ್ಧನೌಕೆ! ಗೆರೆಯಪ್ಪ ಆ ದಿನ ಆಫೀಸಿನ ಮೂರೂ ಮಹಡಿ ಹತ್ತಿಳಿದು ಸಿಹಿ ಹಂಚಿದ. ಮಗ ರಜೆಗೆ ಬಂದಾಗಲೆಲ್ಲ, "ಅಪ್ಪಾ, ನಿನ್ನ ಏಣಿ ಹತ್ತಿ ಹತ್ತಿ ಮಂಡಿ ಹೋಯ್ತು, ಎರಡು ಮೆಟ್ಟಿಲು ಕಡಿಮೆ ಬರೀಬಾರದಿತ್ತಾ?" ಅಂತ ತಮಾಷೆ ಮಾಡುತ್ತಿದ್ದ. ಅಗಲ ಭುಜದ, ಜೋರು ನಗುವಿನ ಹುಡುಗ. ಬಾಗಿಲಲ್ಲಿ ನಿಂತರೆ ಕೋಣೆಯೇ ಕತ್ತಲಾಗುತ್ತಿತ್ತು.

ಅವನಿಗೆ ಇಪ್ಪತ್ತನಾಲ್ಕು ತುಂಬಿದ ವರ್ಷ, ಬಿರುಗಾಳಿಯಲ್ಲಿ ಹಡಗಿನ ತಳ ಸೀಳಿಹೋಯಿತು. ಇಪ್ಪತ್ತಮೂರು ಜನ ಹೋದರು, ಅವರಲ್ಲಿ ಇವನೂ ಒಬ್ಬ. ಮನೆಗೆ ಬಂದ ಕಾಗದದಲ್ಲಿ ಬರೆದಿತ್ತು: ಮಲಗುವ ಕೋಣೆಗೆ ಒಮ್ಮೆಗೇ ನೀರು ನುಗ್ಗಿತು, ನಿಮ್ಮ ಮಗ ನಿದ್ದೆಯಲ್ಲೇ ತೀರಿಕೊಂಡ, ನೋವು ಗೊತ್ತಾಗಿರಲಾರದು. ಆ ಒಂದು ಸಾಲನ್ನು ಹಿಡಿದುಕೊಂಡು ಗಂಡ ಹೆಂಡತಿ ಹನ್ನೊಂದು ವರ್ಷ ದೂಡಿದರು. ನಿದ್ದೆಯಲ್ಲೇ ಹೋದ, ನೋವಿಲ್ಲದೆ ಹೋದ. ಆ ಸಾಲೂ ಇಲ್ಲದಿದ್ದರೆ ಹೆಂಡತಿ ಉಳಿಯುತ್ತಿರಲಿಲ್ಲ ಅಂತ ಗೆರೆಯಪ್ಪನ ನಂಬಿಕೆ. ಹೆಂಡತಿ ಆಮೇಲೆ ಗಂಡಸರ ಅಂಗಿ ಹೊಲಿಯುವುದನ್ನೇ ಬಿಟ್ಟಳು. ಬರೀ ಶಾಲೆ ಮಕ್ಕಳ ಯೂನಿಫಾರಂ. ಕೇಳಿದರೆ, "ಕಾಲರ್ ಕೂರಿಸೋಕೆ ಕಣ್ಣು ಸಾಲಲ್ಲ" ಅನ್ನುತ್ತಿದ್ದಳು.

ಗೆರೆಯಪ್ಪ ನಿವೃತ್ತನಾದ ಮೇಲೆ ಬಂದರಿನ ಸ್ಮಾರಕ ಭವನದವರು ಹುಡುಕಿಕೊಂಡು ಬಂದರು. ಮುಳುಗಿದ ಹಡಗಿನ ಮಾದರಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು, ಅದನ್ನು ಬಲ್ಲವರು ನೀವೇ, ಮಾಡಿಕೊಡುತ್ತೀರಾ ಅಂತ ಕೇಳಿ ಹಳೆಯ ನಕ್ಷೆಗಳ ಪ್ರತಿ ಕಟ್ಟುಗಟ್ಟಲೆ ತಂದುಕೊಟ್ಟರು. ಅವನು ನಕ್ಷೆಗಳನ್ನು ಎದೆಗವಚಿಕೊಂಡ. ಅಳತೆ ನೂರರಲ್ಲಿ ಒಂದು ಪಾಲು. ನಿಜದ ಒಂದು ಮೀಟರು ಮಾದರಿಯಲ್ಲಿ ಒಂದು ಸೆಂಟಿಮೀಟರು.

ಮಗನ ಕೋಣೆಯೇ ಕಾರ್ಖಾನೆಯಾಯಿತು. ಕಿಟಕಿಯ ಕೆಳಗೆ ಮಂಚ ಇದ್ದ ಜಾಗದಲ್ಲಿ ಉದ್ದನೆಯ ಹಲಗೆ, ಅದರ ಮೇಲೆ ಒಂದೇಕಾಲು ಮೀಟರಿನ ಹಡಗು. ಮರದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಸಿ, ಪಕ್ಕೆಲುಬುಗಳ ಮೇಲೆ ಒಂದೊಂದೇ ಅಂಟಿಸಿದ. ಉಜ್ಜುಕಾಗದದಲ್ಲಿ ಎಷ್ಟು ತಿಕ್ಕಿದನೆಂದರೆ ಬೆರಳ ತುದಿ ಸವೆದು, ಪಿಂಚಣಿಯ ಆಫೀಸಿನಲ್ಲಿ ಹೆಬ್ಬೆಟ್ಟಿಟ್ಟರೆ ಯಂತ್ರ ಗುರುತೇ ಹಿಡಿಯಲಿಲ್ಲ. ಹಿತ್ತಾಳೆ ತಂತಿಯ ಕಟಕಟೆ, ಸೂಜಿಯ ತುಂಡಿನ ಫಿರಂಗಿ. ಕಂಬಗಳ ನಡುವಿನ ಹಗ್ಗಕ್ಕೆ ಹೆಂಡತಿಯ ಡಬ್ಬಿಯ ದಾರ. ಅದಕ್ಕೆ ಜೇನುಮೇಣ ಸವರಿದರೆ ನೂಲಿನ ಜುಂಗು ಏಳುವುದಿಲ್ಲ ಅಂತ ಹೇಳಿಕೊಟ್ಟವಳೂ ಅವಳೇ.

ಬಣ್ಣದ ವಿಷಯಕ್ಕೆ ಬಂದರೆ ದೇವರೇ ಗತಿ. ನೀರಿನ ಮಟ್ಟದ ಕೆಳಗೆ ಕೆಂಪು, ಅದರ ಮೇಲೊಂದು ಕಪ್ಪು ಪಟ್ಟಿ, ಅದಕ್ಕೂ ಮೇಲೆ ಬೂದು. ಈ ಬೂದು ಬಣ್ಣವೇ ಅವನ ಪ್ರಾಣ ಹಿಂಡಿತು. ಒಂದು ಬೆರಕೆ ನೀಲಿಗೆ ತಿರುಗಿತು, ಇನ್ನೊಂದು ಒಣಗಿದ ಸಿಮೆಂಟಿನಂತಾಯಿತು. ಏಳನೆಯ ಸಲ ಬೆರೆಸಿದ್ದನ್ನು ಹೆಂಡತಿ ಬಾಗಿಲಿನಿಂದಲೇ ನೋಡಿ, "ಇದೇ ರೀ. ಅವನು ರಜೆಗೆ ಬಂದಾಗ ಉಗುರಿನ ಸಂದೀಲಿ ಇದೇ ಬಣ್ಣ ಇರ್ತಿತ್ತು" ಅಂದಳು. ಅಂದವಳೇ ಒಳಗೆ ಹೋಗಿ ಯಂತ್ರ ತುಳಿಯತೊಡಗಿದಳು. ತುಂಬಾ ಹೊತ್ತು ತುಳಿದಳು.

ಹೊರಗಿಂದ ಕಾಣದ ಕೋಣೆಗಳನ್ನೂ ಅವನು ಕಟ್ಟಿದ. ಮೇಲಿನ ಅಟ್ಟವನ್ನು, ಅಂದರೆ ಹಡಗಿನ ಡೆಕ್ಕನ್ನು, ಅಂಟಿಸಿಬಿಟ್ಟರೆ ಅವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೂ ಮಗ ಮಲಗುತ್ತಿದ್ದ ಕೋಣೆಯನ್ನು ಬಿಡಲಾದೀತೇ? ಗೋಡೆಗೆ ಮೂರು ಸಾಲು ಮಂಚ, ನಡುವೆ ಏಣಿ, ಏಣಿಯ ನೆತ್ತಿಯ ಮೇಲೆ, ಅಟ್ಟದಲ್ಲಿ, ಅಪಾಯದ ಹೊತ್ತಿಗೆ ಹತ್ತಿ ಹೊರಬರಲು ಚೌಕದ ಕಿಂಡಿ. ಹೆಂಡತಿ ಮಗನ ಹಳೆಯ ಚೌಕಳಿ ಅಂಗಿಯಿಂದ ಒಂದು ಚೂರು ಕತ್ತರಿಸಿ ಮಂಚದ ಹೊದಿಕೆಗೆ ಕೊಟ್ಟಳು.

ಕಿಂಡಿಯ ಮುಚ್ಚಳವನ್ನು ಸುಮ್ಮನೆ ಅಂಟಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗೆರೆಯಪ್ಪನ ಒಣ ಜಂಬ ಬಿಡಬೇಕಲ್ಲ! ಕೂದಲಿನಷ್ಟು ಸಪೂರದ ತಂತಿಯಲ್ಲಿ ತಿರುಗಣಿ ಮಾಡಿ, ನಿಜವಾಗಿ ತೆರೆದು ಮುಚ್ಚುವ ಹಾಗೆ ಕೂರಿಸಿದ. ಆಮೇಲೆ ನಕ್ಷೆ ನೋಡಿ ಕಿಂಡಿಯ ಹಿಂದೆ ಒಂದು ಪೆಟ್ಟಿಗೆಯನ್ನು, ಜೀವರಕ್ಷಕ ಜಾಕೆಟ್ಟು ಇಡುವ ಕಬ್ಬಿಣದ ಪೆಟ್ಟಿಗೆಯನ್ನು, ಅದರ ಜಾಗದಲ್ಲಿ ಅಂಟಿಸಿದ. ಮಧ್ಯಾಹ್ನ ಬಣ್ಣ ಒಣಗಿದೆಯೇ ಅಂತ ಚಿಮಟದಿಂದ ಮುಚ್ಚಳ ಎತ್ತಿದ. ಅದು ಅರ್ಧಕ್ಕೆ ನಿಂತಿತು.

ಬಣ್ಣ ಅಂಟಿರಬೇಕು ಅಂದುಕೊಂಡು ಮತ್ತೆ ಎತ್ತಿದ. ಮತ್ತೆ ಅಲ್ಲಿಗೇ ನಿಂತಿತು. ಭೂತಗನ್ನಡಿ ಹಿಡಿದು ನೋಡಿದ. ಹಿಂದಕ್ಕೆ ಬೀಳಬೇಕಾದ ಮುಚ್ಚಳ ಪೆಟ್ಟಿಗೆಗೆ ಹೋಗಿ ತಾಗುತ್ತಿತ್ತು. ಸ್ಕೇಲು ಹಿಡಿದು ನಕ್ಷೆಯನ್ನು ಮೂರು ಸಲ ಅಳೆದ. ಮಾದರಿಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತಪ್ಪು ನಕ್ಷೆಯಲ್ಲಿತ್ತು.

ಹಾಳೆಯ ಮೂಲೆಯಲ್ಲಿ ತಿದ್ದುಪಡಿಗಳ ಪಟ್ಟಿ ಇರುತ್ತದೆ, ಪ್ರತಿ ತಿದ್ದುಪಡಿಯ ಮುಂದೆ ಬರೆದವನ ಸಣ್ಣ ಸಹಿ. "ಜಾಕೆಟ್ ಪೆಟ್ಟಿಗೆ, ಒಂದು, ಸೇರಿಸಿದೆ." ಮುಂದೆ ಅವನದೇ ಸಹಿ. ಅವನಿಗೆ ನೆನಪಾಯಿತು. ಎಂಜಿನಿಯರು ಅವಸರದಲ್ಲಿ ಬಂದು, ಅಲ್ಲೆಲ್ಲಾದರೂ ಖಾಲಿ ಜಾಗ ನೋಡಿ ಒಂದು ಪೆಟ್ಟಿಗೆ ಹಾಕಪ್ಪ ಅಂದಿದ್ದ. ಕಿಂಡಿಯ ಹಿಂದೆ ಹಾಳೆ ಬೆಳ್ಳಗಿತ್ತು, ಹಾಕಿದ. ಅವರ ಆಫೀಸಿನ ಪದ್ಧತಿಯಲ್ಲಿ ಮೇಲಿನಿಂದ ನೋಡಿದ ನಕ್ಷೆಯಲ್ಲಿ ಮುಚ್ಚಳಗಳನ್ನು ಮುಚ್ಚಿಯೇ ಬರೆಯುವುದು. ತೆರೆದರೆ ಎಲ್ಲಿವರೆಗೆ ಬೀಳುತ್ತದೆ ಎಂಬ ಕಮಾನು ಬೇರೆ ಹಾಳೆಯಲ್ಲಿ. ಆ ಬೇರೆ ಹಾಳೆಯನ್ನು ಅವತ್ತು ಅವನು ತೆಗೆದು ನೋಡಲಿಲ್ಲ. ಎರಡು ಗೇಣು ಆಚೆಗೆ ಬರೆದಿದ್ದರೆ ಆಗುತ್ತಿತ್ತು. ಪೆಟ್ಟಿಗೆಯ ಗೆರೆಗಳು ಮಾತ್ರ ಎಷ್ಟು ನೆಟ್ಟಗಿದ್ದವು!

ಅವನು ರಟ್ಟಿನ ಒಂದು ಚೂರು ಕತ್ತರಿಸಿದ. ಮಗನ ಭುಜದ ಅಗಲ ಅವನಿಗೆ ಅಂದಾಜಿತ್ತು, ಅರ್ಧ ಮೀಟರು. ಮಾದರಿಯಲ್ಲಿ ಅರ್ಧ ಸೆಂಟಿಮೀಟರು. ಚಿಮಟದಲ್ಲಿ ಹಿಡಿದು, ಅರ್ಧ ತೆರೆದ ಕಿಂಡಿಯೊಳಗಿಂದ ಮೇಲಕ್ಕೆ ತೂರಿಸಿದ. ಅದು ಬರಲಿಲ್ಲ. ಓರೆ ಮಾಡಿದ, ಬರಲಿಲ್ಲ. ಚಿಮಟ ಕೆಳಗಿಟ್ಟ. ಗೆರೆಯಪ್ಪ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತ.

ಅದೇ ನಕ್ಷೆಯ ಇನ್ನೊಂದು ಹಡಗಿತ್ತು, ಅದು ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಎಚ್ಚರಿಸೋಣ ಅಂದರೆ ಯಾರೂ ಉಳಿದಿರಲಿಲ್ಲ. ಉಳಿದವಳು ಹೆಂಡತಿ ಒಬ್ಬಳೇ. ಅವಳಿಗೆ ಹೇಗೆ ಹೇಳುವುದು? ನಿನ್ನ ಮಗನ ತಲೆಯ ಮೇಲಿನ ಬಾಗಿಲನ್ನು ನಾನೇ ಅರ್ಧ ಮುಚ್ಚಿಟ್ಟಿದ್ದೆ ಅನ್ನುವುದೇ? ಅವನು ನಿದ್ದೆಯಲ್ಲಿದ್ದ ಅನ್ನುವ ಆ ಒಂದು ಸಾಲೂ ಕೈತಪ್ಪಿದರೆ ಅವಳು ಬದುಕುತ್ತಾಳೆಯೇ? ಹೇಳದೆ ಅಟ್ಟ ಅಂಟಿಸಿ ಕೊಟ್ಟುಬಿಡಲು ಕೈ ಏಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಒಪ್ಪಿಸುವ ದಿನಕ್ಕೆ ಒಂಬತ್ತು ದಿನ ಇತ್ತು. ಕುಂಚಗಳು ಡಬ್ಬಿಯಲ್ಲೇ ಒಣಗಿದವು.

ಐದನೆಯ ದಿನ ಬೆಳಿಗ್ಗೆ ಹೆಂಡತಿ ಚಹಾದ ಲೋಟ ಹಲಗೆಯ ಮೇಲೆ ಕುಕ್ಕಿದಳು. "ಏನಾಗಿದೆ ನಿಮಗೆ? ಐದು ದಿನದಿಂದ ತುಟಿ ಪಿಟಕ್ ಅಂದಿಲ್ಲ. ಕ್ಯಾಲೆಂಡರ್ ಸೊಟ್ಟ ಮಾಡಿಟ್ಟೆ, ಅದೂ ಕಾಣಲಿಲ್ಲ ನಿಮಗೆ."

ಅವನು ಹೇಳಿದ. ಮುಚ್ಚಳ ಎತ್ತಿ ತೋರಿಸಿದ, ಸಹಿ ತೋರಿಸಿದ, ಏನನ್ನೂ ಮುಚ್ಚಿಡಲಿಲ್ಲ. "ಅವನು ನಿದ್ದೆಯಲ್ಲೇ ಹೋಗಿರಬಹುದು ಕಣೇ. ಕಾಗದದಲ್ಲಿ ಹಾಗೇ ಇದೆ. ಆದ್ರೆ ಎದ್ದಿದ್ರೆ... ಎದ್ದಿದ್ರೆ ಅವನು ಬರೋಕೆ ನಾನು ಜಾಗ ಬಿಟ್ಟಿರಲಿಲ್ಲ."

ಅವಳು ಕಿರುಚಾಡುತ್ತಾಳೆ, ಕುಸಿದು ಬೀಳುತ್ತಾಳೆ ಅಂತ ಕಾದ. ಅವಳು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತಳು.

"ಎದ್ದಿದ್ದ" ಅಂದಳು.

ಗೆರೆಯಪ್ಪನಿಗೆ ಅರ್ಥವಾಗಲಿಲ್ಲ.

"ಮೊದಲ ವರ್ಷ ಹಡಗಿನ ಅಡುಗೆಯವನು ಬಂದಿದ್ದ. ನೀವು ಆಫೀಸಿಗೆ ಹೋಗಿದ್ರಿ. ನರಪೇತಲ ಹುಡುಗ, ಬದುಕಿ ಬಂದಿದ್ದಕ್ಕೆ ನಾಚಿಕೆ ಪಟ್ಕೊಂಡು ಕೂತಿದ್ದ. ಆ ಕಿಂಡಿ ಯಾವಾಗಲೂ ಅರ್ಧಕ್ಕೇ ತೆರ್ಕೊಳ್ಳೋದಂತೆ, ಅವರಿಗೆಲ್ಲ ಅದು ರೂಢಿ. ನಮ್ಮವನು ಏಣಿ ಹತ್ರ ನಿಂತು ಸಣ್ಣಗಿದ್ದ ನಾಲ್ಕು ಜನಾನ ಕೆಳಗಿಂದ ತಳ್ಳಿ ಕಳಿಸಿದ್ನಂತೆ. ಆಮೇಲೆ ತಾನು ಹತ್ತಿದ್ನಂತೆ. ತಲೆ ಬಂತಂತೆ, ಒಂದು ಕೈ ಬಂತಂತೆ." ಅವಳು ಅರ್ಧ ತೆರೆದ ಮುಚ್ಚಳವನ್ನು ನೋಡಿದಳು. "ಭುಜ ಬರಲಿಲ್ಲಂತೆ."

"ಹತ್ತು ವರ್ಷ ನನಗೆ ಹೇಳಲಿಲ್ಲವಾ?"

"ಹೇಗೆ ಹೇಳಲಿ? ತಪ್ಪು ನಂದು ಅಂದ್ಕೊಂಡಿದ್ದೆ. ಸಾಕಮ್ಮಾ ಅಂದ್ರೂ ಬಿಡದೆ ತಟ್ಟೆಗೆ ಸುರೀತಿದ್ದೆ. ಬೀದೀಲಿ ಎಲ್ಲರ ಮಕ್ಕಳಿಗಿಂತ ನನ್ನ ಮಗನ ಎದೆ ಅಗಲ ಅಂತ ಮೆರೀತಿದ್ದೆ. ಅವನ ಅಂಗಿಯ ಅಳತೆ ನನ್ನ ಬಾಯಲ್ಲೇ ಇತ್ತು ರೀ, ಭುಜ ಹತ್ತೊಂಬತ್ತೂವರೆ ಇಂಚು. ಅದಾದ ಮೇಲೆ ಯಾವ ಗಂಡಸಿನ ಭುಜಕ್ಕೆ ಟೇಪ್ ಇಟ್ರೂ ಕೈ ಹತ್ತೊಂಬತ್ತೂವರೆಗೆ ಹೋಗಿ ನಿಲ್ತಿತ್ತು. ಅದಕ್ಕೇ ಬಿಟ್ಟೆ. ಕಣ್ಣಿಗೆ ಏನೂ ಆಗಿಲ್ಲ ನನಗೆ."

ಗಂಡನನ್ನು ಕಾಪಾಡಲು ಹೆಂಡತಿ, ಹೆಂಡತಿಯನ್ನು ಕಾಪಾಡಲು ಗಂಡ, ಇಬ್ಬರೂ ಒಂದೇ ಸುಳ್ಳು ಸಾಲನ್ನು ಎರಡು ತುದಿಯಲ್ಲಿ ಹಿಡಿದು ನಿಂತಿದ್ದರು. ಗೆರೆಯಪ್ಪ ಅವಳ ಕೈ ಹಿಡಿದುಕೊಂಡ. "ನಿಂದಲ್ಲ ಕಣೇ. ಊಟ ಹಾಕಿದ್ದು ತಪ್ಪಾ? ಅವನ ಭುಜ ಎಷ್ಟಿರಬೇಕೋ ಅಷ್ಟೇ ಇತ್ತು. ನನ್ನ ಪೆಟ್ಟಿಗೆ ಅಲ್ಲಿರಬಾರದಿತ್ತು." ಆಗ ಅವಳು ಅತ್ತಳು. ಹತ್ತು ವರ್ಷ ಬಾಕಿ ಉಳಿದದ್ದನ್ನೆಲ್ಲ ಅತ್ತಳು. ಅವನನ್ನು ಕ್ಷಮಿಸಿದೆ ಅಂತ ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಕಣ್ಣೊರೆಸಿಕೊಂಡು ಅವಳೇ ಹೇಳಿದಳು. "ಅದನ್ನ ಕಿತ್ತು ಆಚೆಗಿಡಿ."

"ನಕ್ಷೆಯಲ್ಲಿ ಇಲ್ಲಿದೆ."

"ಆಚೆಗಿಡಿ ಅಂದೆ."

ಜೀವಮಾನದಲ್ಲಿ ಒಮ್ಮೆಯೂ ನಕ್ಷೆ ಮೀರದ ಮನುಷ್ಯ ಬ್ಲೇಡಿನ ತುದಿಯಲ್ಲಿ ಪೆಟ್ಟಿಗೆ ಎಬ್ಬಿಸಿ, ನಾಲ್ಕು ಮಿಲಿಮೀಟರ್ ಹಿಂದಕ್ಕೆ ಸರಿಸಿ ಅಂಟಿಸಿದ. ಪೆಟ್ಟಿಗೆ ಕಿತ್ತ ಗಾಯದ ಮೇಲೆ ಏಳನೆಯ ಬೆರಕೆಯ ಬೂದು ಬಣ್ಣ ಹಚ್ಚಿದ. ಮುಚ್ಚಳ ಎತ್ತಿದ. ಅದು ಪೂರ್ತಿ ಹಿಂದಕ್ಕೆ ಬಿದ್ದು ಅಟ್ಟದ ಮೇಲೆ ಮಲಗಿತು. ಹಾಗೇ ಬಿಟ್ಟು, ಅಟ್ಟವನ್ನು ಹಡಗಿನ ಮೇಲೆ ಕೂರಿಸಿದ.

ಒಪ್ಪಿಸುವ ದಿನ ಸ್ಮಾರಕ ಭವನದ ಅಧಿಕಾರಿ ನಕ್ಷೆ ಹಿಡಿದು ಒಂದೊಂದೇ ತಾಳೆ ನೋಡಿದರು. ಬಲು ಸೂಕ್ಷ್ಮದ ಮನುಷ್ಯ. "ಅದ್ಭುತವಾಗಿದೆ. ಆದ್ರೆ ಈ ಪೆಟ್ಟಿಗೆ ಜಾಗ ತಪ್ಪಿದೆಯಲ್ಲ? ಸಮುದ್ರದಲ್ಲಿರೋ ಹಡಗಿನ ಕಿಂಡಿ ಹೀಗೆ ತೆರೆದೂ ಇರಲ್ಲ."

"ಮಾದರಿ ಸರಿಯಿದೆ ಸಾರ್. ನಕ್ಷೆ ತಪ್ಪು. ಬರೆದವನು ನಾನೇ." ಗೆರೆಯಪ್ಪ ಜೇಬಿನಿಂದ ಪೆನ್ನು ತೆಗೆದ. ಅವರ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಮುಚ್ಚಳದ ಕಮಾನು ಎಳೆದು, ಹಳೆಯ ಪೆಟ್ಟಿಗೆಯನ್ನು ಹೊಡೆದುಹಾಕಿ, ಆಚೆಗೆ ಹೊಸದನ್ನು ಬರೆದ. ಮೂಲೆಯ ಪಟ್ಟಿಯಲ್ಲಿ ಕೊನೆಯ ತಿದ್ದುಪಡಿ ಸೇರಿಸಿ ತಾರೀಖು ಹಾಕಿದ, ಸಹಿ ಮಾಡಿದ. ಗೆರೆ ಸೊಟ್ಟ ಬಂತು. ಅವನು ಹಾಳೆ ಹರಿಯಲಿಲ್ಲ. ಅಧಿಕಾರಿ ಅವನ ಮುಖ ನೋಡಿ, ಹಾಳೆಯನ್ನು ಮಡಚಿ ಫೈಲಿಗೆ ಸೇರಿಸಿದರು.

ನಾಲ್ಕು ಜನ ಸೇರಿ ಹಡಗಿನ ಮೇಲೆ ಮುಚ್ಚಲು ಗಾಜಿನ ಪೆಟ್ಟಿಗೆಯನ್ನು ಎತ್ತಿ ತಂದರು. ಟೈಲರಕ್ಕ, "ಒಂದು ನಿಮಿಷ ನಿಲ್ಲಿಸ್ರಪ್ಪಾ" ಅಂದಳು. ಕನ್ನಡಕ ಹಾಕಿಕೊಂಡು ಹಡಗಿನ ಮೇಲೆ ಬಗ್ಗಿದಳು. ಸಾಸಿವೆ ಡಬ್ಬಿಯಷ್ಟೂ ಇಲ್ಲದ ಆ ಕತ್ತಲ ಕೋಣೆಯೊಳಗೆ ಚೌಕಳಿ ಬಟ್ಟೆಯ ಒಂದು ಅಂಚು ಕಾಣುತ್ತಿತ್ತು. ಅವಳು ಬೆರಳುಗಳನ್ನು ಅಳತೆ ಹಿಡಿಯುವ ಹಾಗೆ ಕಿಂಡಿಯ ಮೇಲೆ ಹಿಡಿದು ನೋಡಿದಳು.

"ರೀ, ಈಗ ಬರ್ತಾನಾ ಅವನು?"

"ಬರ್ತಾನೆ ಕಣೇ" ಅಂದ ಗೆರೆಯಪ್ಪ. "ಭುಜ ತಾಗಲ್ಲ."